ಲೋಕಲ್‌ನಲ್ಲಿ ಬಂದ ಮದುವೆಯ ಮಾಲೆ

ಮದುವೆಯ ಮಾಲೆಯ ಗುಲಾಬಿ, ಸೇವಂತಿಗೆಗಳನ್ನು ಹಳೆಯ ಪೇಪರಿನ ನಡುವೆ ಇಟ್ಟು, ಗಾದಿಯ ಕೆಳಗೆ ಒತ್ತಿ ಒಣಗಿಸಿದ್ದೆ. ಮುಂಬೈನ ಅಂಧೇರಿಯಲ್ಲಿ ನನ್ನ ಆಫೀಸಿನ ಹತ್ತಿರದ ಅಂಗಡಿಯವನು ಅವನ್ನು ಗಾಜಿನ ಫ್ರೇಮಿನೊಳಗೆ ಮಾಲೆಯಂತೆಯೇ ಜೋಡಿಸಿಕೊಟ್ಟ. ಅದನ್ನು ಎದೆಗವಚಿಕೊಂಡು ಸಂಜೆಯ ಬೊರಿವಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆ. ಧಾರವಾಡದಲ್ಲಿದ್ದ ಅವ್ವನಿಗೆ ಫೋನಿನಲ್ಲಿ, "ಫ್ರೇಮ್ ಆತು, ತಗೊಂಡ್ ಹೊಂಟೇನಿ" ಎಂದೆ.

ನನ್ನ ಕನ್ನಡ ಕೇಳಿಸಿಕೊಂಡ ಪಕ್ಕದ ಹಿರಿಯ ಹೆಂಗಸು ಫ್ರೇಮನ್ನು ನೋಡಿ ಮೆಲ್ಲಗೆ ಕೇಳಿದಳು: "ಯಾರು ತೀರಿಕೊಂಡ್ರವ್ವಾ? ಫೋಟೋ ಇನ್ನೂ ಹಾಕ್ಸಿಲ್ಲೇನು?"

"ಅಯ್ಯ, ಯಾರೂ ಇಲ್ರಿ! ಇದು ನನ್ನ ಮದವಿ ಮಾಲಿ!"

ಆಕೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಆಕೆ ಸುತ್ತಲಿನವರಿಗೆಲ್ಲ ಹಿಂದಿಯಲ್ಲಿ ವಿಷಯ ಹೇಳಿದ್ದೇ ತಡ, ಡಬ್ಬಿಗೆ ಡಬ್ಬಿಯೇ ನಕ್ಕಿತು. ನೂಕುನುಗ್ಗಲಿನಲ್ಲಿ ಗಾಜು ಒಡೆಯಬಾರದೆಂದು ಫ್ರೇಮನ್ನು ತಲೆಗಳ ಮೇಲಿಂದ ಕೈಯಿಂದ ಕೈಗೆ ಬಾಗಿಲಿನ ತನಕ ಸಾಗಿಸಿದರು. ನಾನು ಇಳಿಯಬೇಕಾದ ಕಾಂದಿವಲಿ ಬಂದಾಗ ಯಾರೋ "ದುಲ್ಹನ್ ಕೋ ಉತರ್‌ನೇ ದೋ!", ಮದುಮಗಳನ್ನು ಇಳಿಯಲು ಬಿಡಿ, ಎಂದು ಕೂಗಿದರು. ಅಷ್ಟು ಗರ್ದಿಯಲ್ಲೂ ಎಲ್ಲರೂ ಸರಿದು ನನಗೆ ದಾರಿ ಬಿಟ್ಟರು.

ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ ಗಂಡ, "ಏನಾತು?" ಎಂದ. ಹೊರಟ ಲೋಕಲ್‌ನ ಬಾಗಿಲಿನಿಂದ ಹೆಂಗಸರು ಅವನಿಗೂ ಕೈ ಬೀಸುತ್ತಿದ್ದರು. ನಾನು ನಗುತ್ತಲೇ ಫ್ರೇಮನ್ನು ಅವನ ಕೈಗಿಟ್ಟೆ.