ಗಂಗಹನುಮಯ್ಯನ ಅಡ್ಡಗೈ ಗಾಡಿ

ಕುರ್ಚಿ ಸಿಕ್ಕಿತೆಂದರೆ ಏಳುವ ಯೋಚನೆಯನ್ನೇ ಬಿಟ್ಟುಬಿಡುವ ನಮ್ಮಂಥವರಿಗೆ, ಮಹಾರಾಜರ ಕಾಲದ ಕಳ್ಳಂಬೆಳ್ಳದ ಗಂಗಹನುಮಯ್ಯನ ಸಂಕಟ ಅರ್ಥವಾಗುವುದು ಕಷ್ಟ. ಮೀಸೆ ಮೂಡಿದಂದಿನಿಂದ ಎತ್ತಿನ ಗಾಡಿ ಹೊಡೆದವನು, ಇನ್ನೊಬ್ಬರ ಧೂಳು ಕುಡಿದವನಲ್ಲ. ಒಂದು ದಿನ ಗಾಡಿ ಮಗುಚಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬೆಂಗಳೂರಿನ ಆಸ್ಪತ್ರೆಯವರು ಗಾಲಿಕುರ್ಚಿ ಕೊಟ್ಟು ಕಳಿಸಿದರು. ಅದು ನುಣ್ಣನೆಯ ನೆಲಕ್ಕೆಂದು ಹುಟ್ಟಿದ ಕುರ್ಚಿ. ಊರಿನ ಮರಳಲ್ಲಿ ಗಾಲಿಯನ್ನು ಕೈಯಿಂದ ತಿರುಗಿಸಿ ತಿರುಗಿಸಿ ಅಂಗೈಗೆ ಬೊಬ್ಬೆ ಬಂತೇ ಹೊರತು ಕುರ್ಚಿ ಕೆರೆ ಏರಿ ಹತ್ತಲಿಲ್ಲ. ಸಂತೆಯೋ ಏರಿಯಾಚೆ. ಹೆಂಡತಿ ಚಿಕ್ಕಲಕ್ಷ್ಮಮ್ಮನೇ ಹಿಂದಿನಿಂದ ತಳ್ಳಬೇಕು.

“ಏನ್ ಗಂಗಣ್ಣ, ಈಗ ಹೆಂಡ್ರು ಗಾಡಿ ಹೊಡೀತಾರಾ?” ಎಂದು ಹಳೆಯ ಗಾಡಿಯವರು ನಕ್ಕರು. ಒಬ್ಬನೇ ಏರಿ ಹತ್ತುವವರೆಗೆ ಸಂತೆಯ ಮುಖ ನೋಡುವುದಿಲ್ಲವೆಂದು ಅಂದೇ ಶಪಥ ಮಾಡಿದ.

ಶಿರಾದಲ್ಲಿ ಸೈಕಲ್ ರಿಪೇರಿ ಮಾಡುವ ಇಮಾಮ್ ಸಾಬ್ ಹಳೇ ಗೆಳೆಯ. ಸುದ್ದಿ ಕೇಳಿ ಕಳ್ಳಂಬೆಳ್ಳಕ್ಕೇ ಬಂದು, ಕುರ್ಚಿಯ ಎರಡು ಬದಿಗೂ ಎದೆಯೆತ್ತರದ ಸನ್ನೆಕೋಲು ನಿಲ್ಲಿಸಿ, ಸೈಕಲ್ ಚೈನಿನಿಂದ ಆಯಾ ಬದಿಯ ಗಾಲಿಗೆ ಜೋಡಿಸಿದ. ಕೋಲನ್ನು ಎದೆಯತ್ತ ಎಳೆದರೆ ಗಾಲಿ ಮುಂದಕ್ಕೆ ಉರುಳುತ್ತದೆ; ಮುಂದೆ ನೂಕಿದರೆ ಕೋಲು ಮಾತ್ರ ಸುಮ್ಮನೆ ವಾಪಸಾಗುತ್ತದೆ.

ಗಂಗಹನುಮಯ್ಯ ಜಗ್ಗಿದ. ಕುರ್ಚಿ ಚಂಗನೆ ಹೊರಟಿತು. ದಾರಿ ಎಡಕ್ಕಿತ್ತು, ಎಡಗೈ ಎಳೆದ. ಕುರ್ಚಿ ಬಲಕ್ಕೆ ತಿರುಗಿ ನೇರ ತಿಪ್ಪೆಗೆ ನುಗ್ಗಿತು.

“ಅರೇ ಗಂಗಣ್ಣ, ಇದು ಎತ್ತಲ್ಲ! ಎಡಗಡೆ ಎಳೆದ್ರೆ ಎಡಗಾಲಿ ಮುಂದೆ ಓಡ್ತದೆ, ಗಾಡಿ ಬಲಕ್ಕೆ ತಿರುಗ್ತದೆ!”

“ಹಗ್ಗ ಜಗ್ಗಿದ ಕೈ ಕಣೋ ಸಾಬಣ್ಣ. ನಾನು ಒಪ್ಪಿದ್ರೂ ಅದು ಒಪ್ಪಾಕಿಲ್ಲ.”

ಮತ್ತೆ ಎಳೆದ. ಮತ್ತೆ ತಿಪ್ಪೆ. ಚಿಕ್ಕಲಕ್ಷ್ಮಮ್ಮ ರೇಗಿದಳು: “ಎಡ ಬಲ ತಿರುವುಮುರುವಾಗೈತೆ ಅಂದ್ರೆ ಕೈನೇ ತಿರುವುಮುರುವು ಮಾಡು! ಗಣಪನ ಮುಂದೆ ಕಿವಿ ಹಿಡ್ಕಂಡಂಗೆ ಹಿಡ್ಕಾ!”

ಬೈಗುಳವೆಂದುಕೊಂಡೇ ಅವನು ಕೈಗಳನ್ನು ಅಡ್ಡ ಹಾಯಿಸಿ ಬಲಗೈಯಲ್ಲಿ ಎಡಗೋಲು, ಎಡಗೈಯಲ್ಲಿ ಬಲಗೋಲು ಹಿಡಿದ. ಎಡಗೈ ಎಳೆದ. ಕುರ್ಚಿ ಸಾಧು ಎತ್ತಿನಂತೆ ಎಡಕ್ಕೆ ಹೊರಳಿತು! ಇಮಾಮ್ ಸಾಬ್ ನಗುತ್ತಲೇ ಕೈಗೆ ಅನುಕೂಲವಾಗಲೆಂದು ಕೋಲುಗಳ ತುದಿಯನ್ನು ಒಳಕ್ಕೆ ಬಗ್ಗಿಸಿಕೊಟ್ಟ.

ಮುಂದಿನ ಸಂತೆಯ ದಿನ ಗಂಗಹನುಮಯ್ಯ, ಗಣಪನಿಗೆ ತಪ್ಪೊಪ್ಪಿಕೊಳ್ಳುವವನ ಹಾಗೆ ಕೈ ಅಡ್ಡ ಹಾಕಿಕೊಂಡು, ಆದರೆ ಯಾವ ತಪ್ಪನ್ನೂ ಒಪ್ಪದ ಮುಖ ಹೊತ್ತು, ಏರಿ ಹತ್ತಿದ. ಬೆವರು ಸುರಿಯಿತು, ಉಸಿರು ಬುಸುಗುಟ್ಟಿತು. ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ. ಏರಿಯ ಮೇಲಿದ್ದ ಗಾಡಿಯವರು ಬಾಯಿ ತೆರೆದವರು ಮುಚ್ಚಲಿಲ್ಲ.

ಹಿಂದೆ ದೂರದಲ್ಲಿ, ಮೂಗಿಗೆ ಸೆರಗು ಹಿಡಿದು ಬರುತ್ತಿದ್ದ ಚಿಕ್ಕಲಕ್ಷ್ಮಮ್ಮ ಕೂಗಿದಳು: “ಲೇ, ದಾರಿ ಬುಡ್ರಲಾ! ನಮ್ಮನೇರ ಗಾಡಿ ಬತ್ತೈತೆ. ನಾನೇ ಅವ್ರ ಧೂಳು ಕುಡ್ಕಂಡು ಬತ್ತಿವ್ನಿ, ನೀವ್ಯಾವ ಲೆಕ್ಕ!”