ಹಿಡಿಕೆ ಮೇಡಂ ಮತ್ತು ಕೆರೆಯ ಹಿಂದಿನ ಮೊಟ್ಟೆಗಳು

ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಪಾಠ ಹೇಳುತ್ತಿದ್ದ ಆ ಮೇಡಮ್ಮಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಗುಮಾಸ್ತನಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಹಿಡಿಕೆ ಮೇಡಂ. ಹೊಸದಾಗಿ ಸೇರಿದ ಮಕ್ಕಳು ಸೂತ್ರ ಬರೆದುಕೊಳ್ಳಲು ಪೆನ್ನು ಹಿಡಿದು ಕಾದು ಕೂತರೆ, ಈ ಮಹಾತಾಯಿ ಬೋರ್ಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಪ್ರಯೋಗಶಾಲೆಯ ಮೂಲೆಯಲ್ಲಿದ್ದ ಒಂದು ಯಂತ್ರದ ಹತ್ತಿರ ಕರೆದುಕೊಂಡು ಹೋಗಿ, "ಒಬ್ಬೊಬ್ಬರೇ ಬಂದು ತಿರುಗಿಸ್ರಪ್ಪ" ಅನ್ನುತ್ತಿದ್ದರು.

ಅದು ಅವರೇ ಕಟ್ಟಿಕೊಂಡ ಯಂತ್ರ. ಮರದ ಚೌಕಟ್ಟು, ಸೈಕಲ್ ಚೈನು, ಗುಜರಿಯಿಂದ ತಂದ ಡೈನಮೋ. ತಿರುಗಿಸುವ ಹಿಡಿಕೆ ಮಾತ್ರ ಗಂಡನ ಹಳೆಯ ಹೊಲಿಗೆ ಯಂತ್ರದ್ದು. ಗಂಡ ದರ್ಜಿ. "ಬೇರೆಯವರ ಹೆಂಡತಿಯರು ಮನೆ ಸಾಮಾನು ತವರಿಗೆ ಸಾಗಿಸ್ತಾರೆ, ನನ್ನವಳು ಕಾಲೇಜಿಗೆ ಸಾಗಿಸ್ತಾಳೆ" ಎಂದು ಬಂದ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಹೇಳಿಕೊಳ್ಳುವಾಗ ಅವನ ಮುಖದಲ್ಲಿ ಇರುತ್ತಿದ್ದುದು ದೂರಲ್ಲ, ಹೆಮ್ಮೆ.

ಹಿಡಿಕೆ ಮೊದಲು ಬೆಣ್ಣೆಯ ಹಾಗೆ ತಿರುಗುತ್ತದೆ. "ಇಷ್ಟೇನಾ ಮೇಡಂ?" ಎಂದು ಹುಡುಗರು ಹಲ್ಲು ಬಿಡುತ್ತಾರೆ. ಆಗ ಮೇಡಂ ಕೋಣೆಯ ಆಚೆ ತುದಿಗೆ ಹೋಗಿ, ಬೆನ್ನು ತಿರುಗಿಸಿಕೊಂಡೇ ಒಂದು ಸ್ವಿಚ್ಚು ಒತ್ತುತ್ತಾರೆ. ಬಲ್ಬು ಹತ್ತುತ್ತದೆ. ಅದೇ ಗಳಿಗೆಗೆ, ಕಾಣದ ಯಾರೋ ಮಣಿಕಟ್ಟು ಹಿಡಿದುಕೊಂಡ ಹಾಗೆ ಹಿಡಿಕೆ ಭಾರವಾಗುತ್ತದೆ. ತಿರುಗಿಸುವವರು ಬೆಚ್ಚಿ ಕೈ ನೋಡಿಕೊಳ್ಳುತ್ತಾರೆ. ಹಲ್ಲು ಬಿಟ್ಟವರ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ.

"ದೀಪ ಹಾಕ್ದೋರು ಎಲ್ಲೋ ಇರ್ತಾರೆ, ಭಾರ ಇನ್ನೆಲ್ಲೋ ಬೀಳುತ್ತೆ. ಬೆಳಕನ್ನ ಯಾರೂ ತಂತಿಯೊಳಗೆ ತುಂಬಿಟ್ಟಿರಲ್ಲ ಕಣ್ರೋ. ಈಗ ಉರೀತಿರೋದು ಈಗಲೇ ಹುಟ್ಟಿದ್ದು" ಎನ್ನುತ್ತಿದ್ದರು. ವರ್ಷವೂ ಹೇಳುವ ಮಾತೇ. ವರ್ಷವೂ ಹೇಳುವಾಗ ಅವರಿಗೇ ಮೈ ಜುಮ್ಮೆನ್ನುತ್ತಿತ್ತು.

ಈ ಬೆರಗು ಅವರಿಗೆ ಅಂಟಿಕೊಂಡದ್ದು ಚಿಕ್ಕಂದಿನಲ್ಲಿ. ಅವರ ಮನೆಯ ಗೋಡೆಗೆ ಆತುಕೊಂಡೇ ಒಂದು ಹಿಟ್ಟಿನ ಗಿರಣಿ ಇತ್ತು. ಗಿರಣಿಯವನು ಕಾಳು ಸುರಿದಾಗಲೆಲ್ಲ ಇವರ ಅಡುಗೆಮನೆಯ ಬಲ್ಬು ಕೆಂಪಗೆ ಕುಂದಿ, ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಅಜ್ಜಿ ಚಾವಣಿ ನೋಡಿ, "ಯಾರೋ ಕಾಳು ತಂದ್ರು ನೋಡು ಮಗಾ" ಅನ್ನುತ್ತಿದ್ದಳು. ಅಕ್ಷರ ಬಾರದ ಅಜ್ಜಿಗೆ ಅದು ಬರೀ ಹೊತ್ತು ಹೋಗುವ ಮಾತು. ಅದನ್ನು ಮೊದಲ ಸಲ ಕೇಳಿಸಿಕೊಂಡ ಹುಡುಗಿಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗೋಡೆಯಾಚೆ ಯಾರದೋ ಮನೆಯ ಹಸಿವು ನಮ್ಮ ಮನೆಯ ದೀಪಕ್ಕೆ ಗೊತ್ತಾಗುತ್ತದೆ ಎಂದರೇನು! ಅವಳು ಮುಂದೆ ಓದಿದ್ದೆಲ್ಲ, ಪಾಠ ಹೇಳಿದ್ದೆಲ್ಲ, ಆ ಒಂದು ಬಲ್ಬಿನ ಸುತ್ತಲೇ.

ಅವರ ಕ್ಲಾಸಿನಲ್ಲಿ ಕಟ್ಟುನಿಟ್ಟಿನ ನಿಯಮ ಒಂದೇ. "ಕರೆಂಟು ಹೋಯ್ತು" ಎಂದು ಯಾರೂ ಬಾಯಿ ತಪ್ಪಿಯೂ ಹೇಳಕೂಡದು. ಹೇಳಿದರೆ ತಕ್ಷಣ ಕೇಳುತ್ತಿದ್ದರು: "ಹೋಯ್ತಾ? ಎಲ್ಲಿಗೆ ಹೋಯ್ತು? ಅದಕ್ಕೇನು ಕಾಲು ಬಂದಿದ್ಯಾ? ಮುನಿಸಿಕೊಂಡು ಹೋಗೋಕೆ ಅದು ನಿಮ್ಮನೆ ಸೊಸೇನಾ? ಯಾರೋ ಒಬ್ರು ಕೂತು ತೆಗ್ದಿದ್ದಾರೆ. ಯಾರ ಮನೆಯಿಂದ ತೆಗ್ದು ಯಾರ ಮನೆಗೆ ಕೊಟ್ರು, ಅದನ್ನ ಹೇಳಿ. ಹೋಯ್ತು ಅನ್ನೋದು ತಪ್ಪಲ್ಲ. ಎಲ್ಲಿಗೆ ಅಂತ ಹೇಳ್ದೆ ಹೋಯ್ತು ಅನ್ನೋದು ತಪ್ಪು."

ಮಕ್ಕಳು ನಕ್ಕು, ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಮನೆಗೆ ಹೋಗಿ ಮತ್ತೆ ಕರೆಂಟು ಹೋಯ್ತು ಅನ್ನುತ್ತಿದ್ದರು. ಮೇಡಮ್ಮಿಗೂ ಅದು ಗೊತ್ತಿತ್ತು. ಒಂದೇ ಒಂದು ಆಸೆ ಅವರಿಗಿತ್ತು: ಇಷ್ಟು ವರ್ಷದ ಪಾಠದಲ್ಲಿ ಒಬ್ಬರಾದರೂ, ತಾವಾಗಿ, ಆ ಭಾರ ಎಲ್ಲಿದೆ ಎಂದು ತಿರುಗಿ ಕೇಳಬೇಕು. ಯಾರೂ ಕೇಳಿರಲಿಲ್ಲ. ತನ್ನದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಬದುಕೇನೋ ಎಂದು ಈಚೀಚೆಗೆ ಅನ್ನಿಸುತ್ತಿತ್ತು.

ವರ್ಷದ ಕೊನೆಯ ಪಾಠಕ್ಕೆ ಮೇಜಿನ ಮೇಲೆ ಒಂದು ಊರು. ರಟ್ಟಿನ ಮನೆಗಳು, ಅಂಗಡಿ ಬೀದಿ, ಕೋರ್ಟು, ಗುಡ್ಡದ ಮೇಲಿನ ದೊಡ್ಡ ಮನೆಗಳು. ಆಸ್ಪತ್ರೆಗೆ ಲಾರಿಯ ಹೆಡ್‌ಲೈಟ್ ಬಲ್ಬು. ಉರಿದರೆ ಮುಟ್ಟಲಾಗದಷ್ಟು ಬಿಸಿ. ಕೆರೆಯ ಹಿಂದಿನ ಕೇರಿಗೆ ಸಣ್ಣ ಸಣ್ಣ ದೀಪಗಳ ಒಂದು ಸಾಲು. ಒಬ್ಬರು ಹಿಡಿಕೆ ತಿರುಗಿಸಬೇಕು, ಇನ್ನೊಬ್ಬರು ಸ್ವಿಚ್ಚುಗಳ ಮುಂದೆ ಕೂರಬೇಕು. ತಿರುಗಿಸುವವರ ಕೈ ಸೋತಾಗ ಊರೆಲ್ಲ ಮಂಕಾಗುತ್ತದೆ. ಯಾವುದಾದರೂ ಒಂದು ಕಡೆ ದೀಪ ತೆಗೆಯದಿದ್ದರೆ ಊರಿಗೆ ಊರೇ ಕತ್ತಲೆ.

ಈ ಸಲ ಸ್ವಿಚ್ಚಿನ ಮುಂದೆ ಕೂತವನನ್ನು ಕ್ಲಾಸಿನವರು ಮಂತ್ರಿ ಎಂದು ಕರೆಯುತ್ತಿದ್ದರು. ಮಾತಿನಲ್ಲೇ ಅರಮನೆ ಕಟ್ಟುವವನು. ಊರು ಮಂಕಾದದ್ದೇ ತಡ, ಕಣ್ಣು ಮುಚ್ಚಿ ಬಿಡುವುದರೊಳಗೆ ಕೆರೆಯ ಹಿಂದಿನ ಸಾಲು ಆರಿತು. ಹಿಂದಿನ ವರ್ಷಗಳಲ್ಲಿ ಕೂತವರು ಮಾಡಿದ್ದೂ ಅದನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಕೆರೆ ಹಿಂದಿನದು ಹೋಯ್ತು ಮೇಡಂ. ಊರು ಉಳೀತು!"

"ಹೋಯ್ತಾ?"

ಮಂತ್ರಿ ನಾಲಿಗೆ ಕಚ್ಚಿಕೊಂಡ. "ಅಂದ್ರೆ, ತೆಗೆದೆ ಮೇಡಂ."

"ಅದನ್ನೇ ಯಾಕೆ ತೆಗ್ದೆ?"

"ಅಲ್ಲಿ ಏನೂ ಇಲ್ವಲ್ಲ ಮೇಡಂ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಆಗಲೇ ಕೊನೆಯ ಬೆಂಚಿನಲ್ಲಿ ಫೋನು ಗುರ್ ಎಂದಿತು. ಅಲ್ಲಿ ಕೂರುತ್ತಿದ್ದ ಹುಡುಗಿ ವರ್ಷವಿಡೀ ನಾಲ್ಕು ಮಾತು ಆಡಿದವಳಲ್ಲ. ಫೋನಿನಲ್ಲಿ ಪಿಸುಗುಟ್ಟಿ, ಬ್ಯಾಗು ಎತ್ತಿಕೊಂಡು ಎದ್ದು ನಿಂತಳು.

"ಮೇಡಂ, ನಾನು ಮನೆಗೆ ಹೋಗ್ಬೇಕು. ನಮ್ಮ ಕಡೆ ಕರೆಂಟು..." ಎಂದು ನಿಲ್ಲಿಸಿ, "ತೆಗ್ದಿದ್ದಾರೆ" ಅಂದಳು.

"ನಿಮ್ಮ ಕಡೆ ಅಂದ್ರೆ ಯಾವ ಕಡೆಯಮ್ಮ?"

ಹುಡುಗಿ ಕಿಟಕಿಯತ್ತ ಕೈ ತೋರಿಸಿದಳು. ಕಾಲೇಜಿನ ಗೋಡೆ ದಾಟಿದರೆ ಕೆರೆ. ಕೆರೆಯ ಆಚೆ ತಗಡಿನ ಸೂರುಗಳು. ಮೇಜಿನ ಮೇಲಿನ ಊರು ಯಾವುದೋ ಕಟ್ಟುಕತೆಯ ಊರು ಎಂದುಕೊಂಡಿದ್ದವರೆಲ್ಲ ಕಿಟಕಿಯಲ್ಲಿ ಅದನ್ನೇ ಕಂಡರು.

ವಿಷಯ ಇಷ್ಟು. ಅವಳ ಅಮ್ಮ ಕೋಳಿಮರಿ ಮಾಡಿಸಿ ಮಾರುವವಳು. ಕೆಟ್ಟ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಕಾವು ಕೊಡುತ್ತಾರೆ. ಇವತ್ತು ಮರಿ ಒಡೆಯುವ ದಿನ. ಕೆಲವು ಮೊಟ್ಟೆಗಳಿಗೆ ಆಗಲೇ ಒಳಗಿನಿಂದ ಕೊಕ್ಕು ತಾಗಿ ಬಿರುಕು ಬಂದಿದೆ. ಈಗ ಕಾವು ತಪ್ಪಿದರೆ ಮರಿಗಳಿಗೆ ಚಿಪ್ಪು ಒಡೆಯುವ ಶಕ್ತಿ ಇರುವುದಿಲ್ಲ, ಒಳಗೇ ಸಾಯುತ್ತವೆ. ಮನೆಯ ಬ್ಯಾಟರಿ ಹೋದ ತಿಂಗಳೇ ಕೈಕೊಟ್ಟಿದೆ. ಇಷ್ಟನ್ನೂ ಅವಳು ನೆಲ ನೋಡಿಕೊಂಡು ಹೇಳಿದಳು. ಮಂತ್ರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮೇಡಂ ಹಿಡಿಕೆಯನ್ನು ನೋಡಿದರು. ಆಮೇಲೆ ರಟ್ಟಿನ ಆಸ್ಪತ್ರೆಯೊಳಗೆ ಕೈ ಹಾಕಿ ಹೆಡ್‌ಲೈಟ್ ಬಲ್ಬನ್ನು ಬಿಚ್ಚಿಕೊಂಡರು.

"ಎತ್ರೋ ಯಂತ್ರಾನ" ಅಂದರು.

ಕೆರೆಯ ಏರಿಯ ಮೇಲೆ, ಬಿರುಬಿಸಿಲಲ್ಲಿ, ಮೆರವಣಿಗೆಯೇ ಹೊರಟಿತು. ಚೌಕಟ್ಟಿಗೆ ನಾಲ್ಕು ಜನ ಹೆಗಲು ಕೊಟ್ಟಿದ್ದರು, ಮುಂದೆ ಮಂತ್ರಿ. ಆಚೆ ಕೇರಿಯ ಹೆಂಗಸರು, "ಯಾರು ಹೋದ್ರಮ್ಮ?" ಎಂದು ಗಾಬರಿಯಿಂದ ಬಾಗಿಲಿಗೆ ಬಂದರು. ಹೋದವರು ಯಾರೂ ಇಲ್ಲ, ಬರಬೇಕಾದವರು ಪೆಟ್ಟಿಗೆಯಲ್ಲಿದ್ದಾರೆ ಎಂದು ತಿಳಿದು ಅವರೂ ಹಿಂದೆ ಬಂದರು.

ಮನೆಯಲ್ಲಿ ಅಮ್ಮ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಅದನ್ನು ತಬ್ಬಿಕೊಂಡು ಕೂತಿದ್ದಳು. ಮೈಯ ಬಿಸಿಯಾದರೂ ತಾಗಲಿ ಎಂಬ ಹುಚ್ಚು ಆಸೆ. ಇಷ್ಟು ಜನ ನುಗ್ಗಿದ್ದನ್ನು ಕಂಡು ಎದ್ದು, "ದಿನಾ ಹೋಗುತ್ತೆ ಬಿಡಿ ಮೇಡಮ್ಮೋರೆ, ನಮ್ಮ ಹಣೆಬರ. ಇವತ್ತೊಂದಿನ ಹೋಗ್ದೇ ಇದ್ದಿದ್ರೆ..." ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಮೇಡಂ ಅವಳನ್ನು ತಿದ್ದಲಿಲ್ಲ. ಅದು ತಿದ್ದುವ ಹೊತ್ತಲ್ಲ.

ಕೊನೆಯ ಬೆಂಚಿನ ಹುಡುಗಿ ಪೆಟ್ಟಿಗೆಯ ಬಾಗಿಲು ತೆಗೆಯದೆ, ಮೇಲಿನ ತೂತಿನಿಂದಲೇ ಹಳೆಯ ಬಲ್ಬು ಎಳೆದು ಹೆಡ್‌ಲೈಟ್ ಇಳಿಸಿದಳು. ಶಾಖ ಇಳಿದರೆ ಬಲ್ಬು ಹತ್ತಿಸುವ, ಏರಿದರೆ ಆರಿಸುವ ಸಣ್ಣ ಲೋಹದ ಪಟ್ಟಿಯೊಂದು ಅಲ್ಲಿತ್ತು. ಅದರ ಮೂಲಕ ತಂತಿ ಕೊಟ್ಟಳು. ಮಂತ್ರಿ ಯಾರೂ ಹೇಳುವ ಮೊದಲೇ ಹಿಡಿಕೆ ಹಿಡಿದ.

ಗಾಜಿನ ಕಿಂಡಿಯಲ್ಲಿ ಬೆಳಕು ತುಂಬಿತು. ಕೈ ಸೋತವರು ಪಕ್ಕಕ್ಕೆ ಸರಿದರೆ ಇನ್ನೊಬ್ಬರು ಹಿಡಿಯುತ್ತಿದ್ದರು, ಕೇರಿಯ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಬಂದರು. ಪೆಟ್ಟಿಗೆ ಬೆಚ್ಚಗಾದಾಗ ಪಟ್ಟಿ ಟಕ್ ಅನ್ನುತ್ತಿತ್ತು, ಹಿಡಿಕೆ ಹಗುರ. ತಣ್ಣಗಾದಾಗ ಮತ್ತೆ ಟಕ್, ಹಿಡಿಕೆ ಭಾರ. ಸುಸ್ತಾದವರಿಗೆಲ್ಲ ಅದು ಅರ್ಥವಾಯಿತು: ಮೊಟ್ಟೆಗಳು ಕಾವು ಕೇಳುತ್ತಿವೆ. ಕೇಳಿದ್ದು ಕೈಗೆ ಗೊತ್ತಾಗುತ್ತಿದೆ.

"ಅಯ್ಯಮ್ಮಾ, ಕೇಳ್ತಿವೆ ಇವು!" ಎಂದು ಅಮ್ಮ ತನ್ನ ಸರದಿಯಲ್ಲಿ ಹಿಡಿಕೆ ತಿರುಗಿಸುತ್ತ ಅತ್ತಳು, ನಕ್ಕಳು. ಎಷ್ಟೋ ವರ್ಷ ಮರಿ ಮಾಡಿಸಿದ ಕೈಗೆ ಮರಿಗಳು ಮಾತಾಡಿದ್ದು ಅದೇ ಮೊದಲು.

ಒಂದು ಚಿಪ್ಪು ಬಿರಿಯಿತು. ಒದ್ದೆ ಒದ್ದೆಯಾದ, ಯಾರಿಗೂ ಚೆಂದ ಅನ್ನಿಸಬಾರದಂಥ ಒಂದು ಮರಿ ಹೊರಗೆ ಉರುಳಿ ಬೆಳಕಿನ ಕಡೆ ಕತ್ತು ಎತ್ತಿತು. ಆಮೇಲೆ ಇನ್ನೊಂದು ಬಂತು, ಮತ್ತೊಂದು. ಹಿಡಿಕೆ ಮೇಡಂ ಗೋಡೆ ಹಿಡಿದುಕೊಂಡು ನಿಂತರು. ಗಿರಣಿಯ ಪಕ್ಕದ ಮನೆಯ ಹುಡುಗಿ ಚಾವಣಿ ನೋಡುತ್ತಿದ್ದ ಹಾಗೇ ನೋಡುತ್ತಿದ್ದರು.

ಎಲ್ಲ ಮೊಟ್ಟೆಗಳೂ ಒಡೆಯಲಿಲ್ಲ. ಕೆಲವು ಬಿರುಕು ಬಿರುಕಾಗಿಯೇ ಉಳಿದವು. ಅಮ್ಮ ಅವುಗಳ ಮೇಲೆ ಗಾಜಿನಾಚೆಯಿಂದಲೇ ಕೈ ಇಟ್ಟಳು. ಮಂತ್ರಿ ಅದನ್ನು ನೋಡಿದ. ಮತ್ತೆ ಹಿಡಿಕೆಗೆ ಬಂದವನು ಆಮೇಲೆ ಯಾರಿಗೂ ಬಿಟ್ಟುಕೊಡಲಿಲ್ಲ.

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಮಕ್ಕಳು "ಬಂತು! ಬಂತು!" ಎಂದು ಕಿರುಚಿದವು. ಹುಡುಗಿ ಹಳೆಯ ಬಲ್ಬನ್ನು ಮತ್ತೆ ಇಳಿಸಿ ಗೋಡೆಯ ಸ್ವಿಚ್ಚು ಹಾಕಿದಳು, ಯಂತ್ರದ ತಂತಿ ಬಿಚ್ಚಿದಳು. ಭಾರವೆಲ್ಲ ಒಮ್ಮೆಗೇ ಬಿಟ್ಟು ಹಿಡಿಕೆ ಗಿರ್ರನೆ ಸುತ್ತಿತು. ಮಂತ್ರಿ ಮುಗ್ಗರಿಸಿದ. ಎಲ್ಲರೂ ನಕ್ಕರು, ಅವನು ನಗಲಿಲ್ಲ. ಬೊಬ್ಬೆ ಎದ್ದ ಅಂಗೈಯನ್ನು ನೋಡಿಕೊಂಡ. ಪೆಟ್ಟಿಗೆಯೊಳಗೆ ಉರಿಯುತ್ತಿದ್ದ ಬಲ್ಬನ್ನು ನೋಡಿದ. ಕಿಟಕಿಯಾಚೆ ಕಂಬದಿಂದ ಕಂಬಕ್ಕೆ ಹೋಗುತ್ತ, ಗುಡ್ಡದ ಹಿಂದೆ ಕಾಣದಾಗುವ ತಂತಿಯನ್ನು ನೋಡಿದ.

"ಮೇಡಂ," ಅಂದ, ಮೆಲ್ಲಗೆ, "ಈಗ ಈ ಭಾರ ಯಾರ ಕೈಗೆ ಹೋಯ್ತು?"

ಹಿಡಿಕೆ ಮೇಡಂ ಅವನ ಪಕ್ಕಕ್ಕೆ ಬಂದು, ತಂತಿ ಕಾಣದಾಗುವ ಆ ಗುಡ್ಡದ ಕಡೆಗೆ ಕೈ ತೋರಿಸಿದರು. ಅವನು ಹೋಯ್ತು ಅಂದದ್ದನ್ನು ತಿದ್ದಲಂತೂ ಇಲ್ಲ.