ಒಂದು ಡ್ರಮ್ಮು ಜೋನಿಬೆಲ್ಲ

ಮದ್ದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ನಾನು ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಕೆಲಸಕ್ಕೆ ಸೇರಿದಾಗ ನಮ್ಮ ಬೀದಿಯವರೆಲ್ಲ ನಕ್ಕರು. ನಗಲಿ ಎಂದುಕೊಂಡೆ. ಯಾವ ನೀರನ್ನೆತ್ತಿದರೂ ಮೋಟಾರು ಮೋಟಾರೇ, ನನ್ನ ಕೈ ಸೋಕಿದ ಮೇಲೆ ಅದು ಓಡಲೇಬೇಕು ಎಂಬ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ಘಟಕ ಚಿಕ್ಕದು. ನಾಲ್ಕೈದು ಬೀದಿಗಳ ನೀರು ಬಂದು ಬೀಳುವ ಒಂದು ತೊಟ್ಟಿ, ಅದರ ತಳದಿಂದ ಗಾಳಿ ಊದುವ ಯಂತ್ರ, ಕೆಸರು ಕೆಳಗೆ ಕೂರಲು ಇನ್ನೊಂದು ತೊಟ್ಟಿ. ತಿಳಿಯಾದ ನೀರು ಕಾಲುವೆ ಹಿಡಿದು ಶಿಂಷಾ ಹೊಳೆ ಸೇರಬೇಕು. ಆ ಕಾಲುವೆ ಹಾಯುವುದು ಪಕ್ಕದ ಆಲೆಮನೆ ಗೌಡರ ಗದ್ದೆಯಂಚಿನಲ್ಲಿ. ನಮ್ಮ ಕಡೆ ಹೊಳೆಗೆ ಯಾರೂ ಎಕ್ಕಡ ಮೆಟ್ಟಿಕೊಂಡು ಇಳಿಯುವುದಿಲ್ಲ. ಗೌಡರು ಮಾತ್ರ ಮೊದಲ ದಿನವೇ ಮೂಗಿಗೆ ಟವೆಲ್ ಹಿಡಿದು, ಎಕ್ಕಡ ಸಮೇತ ಕಾಲುವೆ ದಾಟಿ ಬಂದರು.

"ಹೊಳೆ ಸೇರೋ ನೀರು ಗೌಡ್ರೆ, ಎಕ್ಕಡ ಬಿಟ್ಟು ಇಳೀಬಾರ್ದಾ?" ಎಂದು ತಮಾಷೆ ಮಾಡಿದೆ.

"ಚರಂಡಿಗೆ ಯಾರು ಎಕ್ಕಡ ಬುಡ್ತಾರೆ ಸಾಬ್ರೆ? ಉಗಾದಿ ಒಳ್ಗೆ ಈ ನಾತ ಓಗ್ನಿಲ್ಲ ಅಂದ್ರೆ ಕಾಲ್ವೆಗೆ ಮಣ್ಣು ಒಡುಸ್ತೀನಿ," ಎಂದರು. ಕಾಲುವೆ ಮುಚ್ಚಿದರೆ ಘಟಕ ನಿಂತಂತೆ. ನನ್ನ ಕೆಲಸವೂ ಅಷ್ಟೇ.

ನೀರನ್ನು ತಿಳಿ ಮಾಡುವುದು ಯಂತ್ರವಲ್ಲ, ಕೊಳೆ ತಿಂದು ಬದುಕುವ, ಕಣ್ಣಿಗೆ ಕಾಣದ ಹುಳಗಳು. ಅವು ಬೆಳೆಯಲೆಂದು ಶುರುವಿನಲ್ಲಿ ದಿನಾ ಒಂದು ಬಕೆಟ್ ಸಗಣಿನೀರಿಗೆ ಎರಡು ಅಚ್ಚು ಬೆಲ್ಲ ಕರಗಿಸಿ ಹಾಕಬೇಕೆಂದು ಘಟಕ ನೋಡಿಕೊಳ್ಳುವ ಇಂಜಿನಿಯರಮ್ಮ ಹೇಳಿಕೊಟ್ಟಿದ್ದರು. ಸಗಣಿಗಾಗಿ ಗೌಡರ ಕೊಟ್ಟಿಗೆಗೆ ಹೋದಾಗ ಇದನ್ನು ಹೇಳಿದೆ. ಬೆಲ್ಲ ಎಂದೊಡನೆ ಅವರ ಮುಖ ಅರಳಿತು.

"ಎಲ್ಡು ಅಚ್ಚು ಯಾವ ಮೂಲೆಗೆ ಸಾಲ್ತದೆ? ನಾನು ಕಳುಸ್ತೀನಿ ಬುಡಿ."

ಮರುದಿನ ಗಾಡಿಯಲ್ಲಿ ಒಂದು ಡ್ರಮ್ಮು ತುಂಬ ಪಾಕದಂಥ ಜೋನಿಬೆಲ್ಲ ಬಂತು. ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಲ್ಲ ಹೆಚ್ಚಾಯಿತು ಎಂದವರುಂಟೇ? ಬೇಗ ಬೆಳೆಯಲಿ ಎಂದು ಅಷ್ಟನ್ನೂ ತೊಟ್ಟಿಗೆ ಸುರಿದುಬಿಟ್ಟೆ.

ಎರಡೇ ದಿನಕ್ಕೆ ನೊರೆಯುಕ್ಕಿತು, ನೀರು ಕಪ್ಪಾಯಿತು, ಕೊಳೆತ ಮೊಟ್ಟೆಯ ನಾತ ಆಲೆಮನೆಯವರೆಗೂ ಹೊಡೆಯಿತು. ಬೆಲ್ಲಕ್ಕೆ ಮುಗಿಬಿದ್ದ ಹುಳಗಳು ನೀರಿನಲ್ಲಿದ್ದ ಗಾಳಿಯನ್ನೆಲ್ಲ ಎಳೆದುಕೊಂಡು ಉಸಿರುಗಟ್ಟಿ ಸತ್ತಿವೆ ಎಂದರು ಇಂಜಿನಿಯರಮ್ಮ. ಮೋಟಾರು ಸುಟ್ಟಿದ್ದರೆ ಹೊಸ ತಂತಿ ಸುತ್ತಿಕೊಡುತ್ತಿದ್ದೆ, ಸತ್ತ ಹುಳವನ್ನು ಏನು ಮಾಡಲಿ? ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಗೌಡರ ಬಳಿ ಹೋಗಿ, ತಪ್ಪು ನನ್ನದು, ಅಳತೆ ಮೀರಿದವನು ನಾನು ಎಂದು ಒಪ್ಪಿಕೊಂಡೆ.

"ಕಳ್ಸಿದ್ದು ನಾನು, ಸುರ್ದೋರು ನೀವು. ಇಬ್ರದೂ ಸಮ," ಎಂದರು. ಹೊರಟವನನ್ನು ಕರೆದು, "ಆದ್ರೆ ಉಗಾದಿ ಅಂದ್ರೆ ಉಗಾದಿನೇ ಕಣ್ ಸಾಬ್ರೆ," ಎಂದರು.

ಮಂಡ್ಯ ಕಡೆಯ ಇನ್ನೊಂದು ಘಟಕದಿಂದ ಹುಳವಿದ್ದ ಕೆಸರನ್ನು ಟ್ಯಾಂಕರಿನಲ್ಲಿ ತರಿಸಿ, ಹಾಲಿಗೆ ಹೆಪ್ಪು ಹಾಕುವಂತೆ ತೊಟ್ಟಿಗೆ ಬಿಟ್ಟೆವು. ಬೆಲ್ಲದ ಸುದ್ದಿಗೇ ಹೋಗಲಿಲ್ಲ. ದಿನಾ ಬೆಳಿಗ್ಗೆ ಗಾಜಿನ ಲೋಟದಲ್ಲಿ ನೀರು ಹಿಡಿದು, ಕೆಸರು ಎಷ್ಟು ಬೇಗ ತಳ ಸೇರುತ್ತದೆಂದು ನೋಡುತ್ತ ಕೂರುತ್ತಿದ್ದೆ. ಲೋಟದ ನೀರು ದಿನದಿನಕ್ಕೂ ತಿಳಿಯಾಗುತ್ತ ಬಂತು. ಆದರೆ ನನ್ನ ಕಣ್ಣನ್ನು ನಾನೇ ನಂಬುವ ಧೈರ್ಯ ಉಳಿದಿರಲಿಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ಗೌಡರು ಗುದ್ದಲಿ ಹಿಡಿದು ಬಂದರು. ಕಾಲುವೆ ಮುಚ್ಚಲೆಂದೇ ಬಂದರು ಎಂದುಕೊಂಡೆ. ಕಾಲುವೆಯ ಬದುವಿನ ಮೇಲೆ ನಿಂತು ನೀರನ್ನೇ ನೋಡಿದರು. ಟವೆಲ್ ಹೆಗಲ ಮೇಲೆಯೇ ಇತ್ತು. ಆಮೇಲೆ ಎಕ್ಕಡ ಬಿಟ್ಟು ನೀರಿಗಿಳಿದು, ಕಾಲುವೆಗೆ ಅಡ್ಡ ಬೆಳೆದಿದ್ದ ಜೊಂಡನ್ನು ಗುದ್ದಲಿಯಿಂದ ಕಿತ್ತು ಹಾಕತೊಡಗಿದರು.

"ಒಳೆಗಂಟ ಸಲೀಸಾಗಿ ಓಗ್ಲಿ," ಎಂದರು, ನನ್ನ ಕಡೆ ತಿರುಗದೆ.

ಅವರು ಎಕ್ಕಡ ಬಿಟ್ಟಿದ್ದು ಅವರಿಗೇ ಗೊತ್ತಾಗಿರಲಿಲ್ಲ. ಬದುವಿನ ಮೇಲಿದ್ದ ಆ ಸವೆದ ಜೋಡಿಯನ್ನು ನೋಡಿ ನನಗಾದ ಹೆಮ್ಮೆ, ಇಷ್ಟು ವರ್ಷ ಓಡಿಸಿದ ಯಾವ ಮೋಟಾರಿನಿಂದಲೂ ಆಗಿರಲಿಲ್ಲ.